ಮುಂಭಾಗವಷ್ಟೇ ಇರುವ ಊರಿನಲ್ಲಿ ಒಂದು ಮಧ್ಯಾಹ್ನ

ಅಮೆರಿಕದಲ್ಲಿ ಮಕ್ಕಳಿರುವ ಕನ್ನಡ ಮನೆಗಳಲ್ಲಿ ಇದೊಂದು ಅಲಿಖಿತ ಸಂಪ್ರದಾಯ. ಅಪ್ಪ, ಅಮ್ಮ ಊರಿನಿಂದ ಬಂದಿಳಿಯುತ್ತಾರೆ. ಮೊದಲ ವಾರ ಹಗಲು-ರಾತ್ರಿ ಅದಲುಬದಲಾದ ನಿದ್ದೆಯನ್ನು ಹೊಂದಿಸಿಕೊಳ್ಳುವುದರಲ್ಲೇ ಕಳೆದುಹೋಗುತ್ತದೆ. ಎರಡನೆಯ ವಾರ ದೇವಸ್ಥಾನ, ಭಾರತೀಯ ಅಂಗಡಿ, ಮಗನ ಸ್ನೇಹಿತರ ಮನೆಯ ಊಟ. ಮೂರನೆಯ ವಾರ, ಮಗನ ಮನೆ ಲಾಸ್ ಏಂಜಲೀಸ್ ಸುತ್ತಮುತ್ತ ಇದ್ದರೆ, ಯೂನಿವರ್ಸಲ್ ಸ್ಟುಡಿಯೋಸ್.

ಮೈಸೂರಿನಿಂದ ಹೋದ ಅಂಥ ಒಂದು ಹಿರಿಯ ದಂಪತಿಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಮಗನಿಗೆ ಕಚೇರಿ, ಜತೆಗೆ ಬರಲಾರ. ಟಿಕೆಟ್ಟನ್ನು ಫೋನಿಗೆ ಹಾಕಿಕೊಟ್ಟು ಇಬ್ಬರನ್ನೂ ಮೆಟ್ರೋ ಹತ್ತಿಸಿದ್ದಾನೆ. ಸುರಂಗದ ನಿಲ್ದಾಣದಿಂದ ಮೇಲೆ ಬಂದು, ಬೆಟ್ಟದ ಮೇಲಿನ ಗೇಟಿಗೆ ಒಯ್ಯುವ ಉಚಿತ ಬಸ್ಸು ಹತ್ತಿ, ಚೀಲದ ತಪಾಸಣೆ ಮುಗಿಸಿ ಒಳಗೆ ಕಾಲಿಟ್ಟಾಗ ಮಧ್ಯಾಹ್ನ ಒಂದೂವರೆ ಗಂಟೆ. ತಲೆಗೆ 100 ಡಾಲರಿಗೂ ಹೆಚ್ಚು ತೆತ್ತು ಬಂದವರ ಕೈಯಲ್ಲಿ ಉಳಿದಿರುವುದು ನಾಲ್ಕೂವರೆ ತಾಸು.

ಈ ನಾಲ್ಕೂವರೆ ತಾಸಿನಲ್ಲಿ ಏನನ್ನು ನೋಡಬಹುದು, ನೋಡಿದ್ದರಲ್ಲಿ ಸಿನಿಮಾ ಎಷ್ಟು ಎಂಬ ಪ್ರಶ್ನೆ ಕೇಳುವಷ್ಟು ಸುಲಭದ್ದಲ್ಲ.

ಲೆಕ್ಕ ಮೊದಲು ಕಾಲಿಗೆ

ಥೀಮ್ ಪಾರ್ಕ್‌ಗಳ ಮಧ್ಯಾಹ್ನ ಎಂದರೆ ಸರತಿ ಸಾಲಿನ ಮಧ್ಯಾಹ್ನ. ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೇ ಬಂದವರು ಹೆಸರಾಂತ ಆಟಗಳನ್ನು ಮುಗಿಸಿಕೊಂಡಿರುತ್ತಾರೆ. ತಡವಾಗಿ ಬಂದವರೆಲ್ಲ ಊಟದ ನಂತರ ಒಂದೇ ಕಡೆ ಜಮಾಯಿಸುತ್ತಾರೆ. ಐದು ನಿಮಿಷದ ಸವಾರಿಗೆ ಒಂದು ಗಂಟೆ ಕಾಯುವುದು ಇಲ್ಲಿ ಅಚ್ಚರಿಯ ಸಂಗತಿಯೇ ಅಲ್ಲ. ಹೆಚ್ಚು ಹಣ ಕೊಟ್ಟವರಿಗೆ ಬೇರೆಯೇ ಒಂದು ಚಿಕ್ಕ ಸಾಲು ಇದೆ. ತಿರುಪತಿಯ ವಿಶೇಷ ದರ್ಶನ ಕಂಡವರಿಗೆ ಈ ಏರ್ಪಾಡನ್ನು ವಿವರಿಸಬೇಕಾಗಿಲ್ಲ.

ಇಡೀ ಪಾರ್ಕ್ ಒಂದು ಬೆಟ್ಟದ ನೆತ್ತಿಯಲ್ಲೂ ಬುಡದಲ್ಲೂ ಎರಡು ಭಾಗವಾಗಿ ಹರಡಿಕೊಂಡಿದೆ. ಎರಡರ ನಡುವೆ ಒಂದರ ಹಿಂದೊಂದು ಎಸ್ಕಲೇಟರ್‌ಗಳು. ಕೆಳಗಿಳಿದು ಮತ್ತೆ ಮೇಲೆ ಬರುವುದಕ್ಕೇ ಹೊತ್ತು ಹಿಡಿಯುತ್ತದೆ. ಮಂಡಿನೋವಿನ ಹೆಂಡತಿಗೂ ರಕ್ತದೊತ್ತಡದ ಗಂಡನಿಗೂ ಎತ್ತಿ ಎಸೆಯುವ, ತಲೆಕೆಳಗು ಮಾಡುವ ಸವಾರಿಗಳು ಬೇಡ. ಹಾಗಾಗಿ ಅವರಿಗೆ ಉಳಿಯುವ ದಾರಿ ಒಂದೇ: ಸ್ಟುಡಿಯೋ ಟೂರ್ ಎಂಬ ಟ್ರಾಮ್ ಪ್ರಯಾಣ. ಸುಮಾರು ಒಂದು ಗಂಟೆ ಕುಳಿತಲ್ಲೇ ಎಲ್ಲವೂ ಕಣ್ಣ ಮುಂದೆ ಹಾದುಹೋಗುತ್ತದೆ. ಕೊನೆಯ ಟ್ರಾಮ್ ಪಾರ್ಕ್ ಮುಚ್ಚುವುದಕ್ಕಿಂತ ಸಾಕಷ್ಟು ಮೊದಲೇ ಹೊರಡುವುದರಿಂದ ಮಧ್ಯಾಹ್ನ ಬಂದವರು ಮೊದಲು ಹಿಡಿಯಬೇಕಾದದ್ದೂ ಇದನ್ನೇ. ಕಾಲಿನ ಅನುಕೂಲಕ್ಕಾಗಿ ಮಾಡಿದ ಈ ಆಯ್ಕೆ ಇನ್ನೊಂದು ಕಾರಣಕ್ಕೂ ಸರಿಯಾದದ್ದು. ಈ ಜಾಗವನ್ನು ಉಳಿದ ಮನರಂಜನಾ ಉದ್ಯಾನಗಳಿಂದ ಬೇರೆಯಾಗಿಸುವುದೇ ಈ ಟ್ರಾಮ್. ಡಿಸ್ನಿಲ್ಯಾಂಡನ್ನು ಉದ್ಯಾನವೆಂದೇ ಕಟ್ಟಿದರು. ಇದು ಹಾಗಲ್ಲ, ಮೊದಲು ಸ್ಟುಡಿಯೋ ಇತ್ತು, ನೋಡುಗರು ಆಮೇಲೆ ಬಂದರು.

25 ಸೆಂಟಿಗೆ ಚಿತ್ರೀಕರಣ, ಜತೆಗೆ ಊಟ

ಆಮೇಲೆ ಎಂದರೆ ತೀರ ಆಮೇಲೇನೂ ಅಲ್ಲ. ಕಾರ್ಲ್ ಲೆಮ್ಲಿ ಜರ್ಮನಿಯಿಂದ ಹದಿಹರೆಯದಲ್ಲೇ ಅಮೆರಿಕಕ್ಕೆ ಬಂದವರು. ಬಟ್ಟೆ ಅಂಗಡಿಯ ವ್ಯವಸ್ಥಾಪಕರಾಗಿದ್ದವರು 1906ರಲ್ಲಿ ಷಿಕಾಗೋದಲ್ಲಿ ಚಿಲ್ಲರೆ ಕಾಸಿನ ಚಿತ್ರಮಂದಿರ ತೆರೆದರು. 1912ರಲ್ಲಿ ಇತರರೊಂದಿಗೆ ಕೂಡಿ ಯೂನಿವರ್ಸಲ್ ಕಂಪನಿ ಕಟ್ಟಿದರು. ಹಾಲಿವುಡ್ ಬೆಟ್ಟಗಳ ಆಚೆ ಸ್ಯಾನ್ ಫರ್ನಾಂಡೊ ಕಣಿವೆಯಲ್ಲಿ 230 ಎಕರೆ ಕೊಂಡು, 1915ರ ಮಾರ್ಚ್ 15ರಂದು ಯೂನಿವರ್ಸಲ್ ಸಿಟಿಯನ್ನು ಉದ್ಘಾಟಿಸಿದರು. ಅಂಗಡಿಯಲ್ಲಿ ಗಿರಾಕಿಗಳನ್ನು ಕಂಡ ಮನುಷ್ಯ. ಚಿತ್ರೀಕರಣ ನೋಡಲು ಗೇಟಿನ ಬಳಿ ಸುಳಿದಾಡುವ ಜನರನ್ನು ಓಡಿಸುವ ಬದಲು ಅವರಿಂದ ತಲಾ 25 ಸೆಂಟ್ ಪಡೆದು ಒಳಗೆ ಬಿಟ್ಟರು. ಮೆಟ್ಟಿಲು ಮೆಟ್ಟಿಲಾದ ಆಸನಗಳಲ್ಲಿ ಕುಳಿತು ಜನ ಚಿತ್ರೀಕರಣ ನೋಡುತ್ತಿದ್ದರು. ಅದೇ ದರದಲ್ಲಿ ಡಬ್ಬಿಯ ಊಟವೂ ಸೇರಿತ್ತು.

ಅದು ಮೂಕಿ ಚಿತ್ರಗಳ ಕಾಲ. ನೋಡುಗರು ಕೂಗಿದರೂ ಚಪ್ಪಾಳೆ ತಟ್ಟಿದರೂ ಕ್ಯಾಮೆರಾಕ್ಕೆ ಕೇಳಿಸುತ್ತಿರಲಿಲ್ಲ. ಖಳನಾಯಕನನ್ನು ಕಂಡರೆ ಹೂಯ್ಯಬಹುದಿತ್ತು, ನಾಯಕ ಬಂದರೆ ಹುರಿದುಂಬಿಸಬಹುದಿತ್ತು. 1920ರ ದಶಕದ ಕೊನೆಗೆ ಮಾತು ಬಂತು. ಸೂಕ್ಷ್ಮವಾದ ಮೈಕಿನ ಮುಂದೆ ಕೆಮ್ಮುವುದೂ ಅಪರಾಧವಾಯಿತು. ನೋಡುಗರಿಗೆ ಬಾಗಿಲು ಮುಚ್ಚಿತು.

ಆ ಬಾಗಿಲು ಮತ್ತೆ ತೆರೆದದ್ದು 1964ರ ಜುಲೈ 15ರಂದು. ಅಷ್ಟರಲ್ಲಿ ಟೆಲಿವಿಷನ್ ಕಾರ್ಯಕ್ರಮಗಳ ದೊಡ್ಡ ಉತ್ಪಾದಕ ಸಂಸ್ಥೆ ಎಂಸಿಎ ಮೊದಲು ಈ ಜಾಗವನ್ನು, 1962ರಲ್ಲಿ ಕಂಪನಿಯನ್ನೇ ಕೊಂಡಿತ್ತು. ಹಾಲಿವುಡ್‌ನ ಆದಾಯಕ್ಕೆ ಟಿವಿ ಕನ್ನ ಹಾಕಿದ್ದ ದಿನಗಳು ಅವು. ಖಾಲಿ ಬಿದ್ದ ಸೆಟ್ಟುಗಳ ಬೀದಿಯಲ್ಲಿ ಬಣ್ಣದ ಟ್ರಾಮ್‌ಗಳನ್ನು ಓಡಿಸಿದರೆ ಹೇಗೆ ಎಂಬ ಯೋಚನೆ ಹುಟ್ಟಿದ್ದು ಹೀಗೆ. ಉಪಕಸುಬಾಗಿ ಆರಂಭವಾದದ್ದು ದಿನಗಳೆದಂತೆ ಮೂಲ ಕಸುಬಿಗೆ ಸಮನಾಗಿ ಬೆಳೆಯಿತು. ಈಗ ಬೆಟ್ಟದ ಮೇಲೆ ಬರುವ ಬಹುತೇಕ ಜನರಿಗೆ ಕೆಳಗೆ ನಿಜವಾದ ಸ್ಟುಡಿಯೋ ಒಂದು ನಡೆಯುತ್ತಿದೆ ಎಂಬುದು ಟ್ರಾಮ್ ಹತ್ತಿದ ಮೇಲಷ್ಟೇ ಅರಿವಿಗೆ ಬರುತ್ತದೆ.

ಸ್ಟುಡಿಯೋದ ಹಿತ್ತಿಲು

ನಲವತ್ತು ನಿಮಿಷ ಕಾದ ಮೇಲೆ ದಂಪತಿಗೆ ಸೀಟು ಸಿಕ್ಕಿದೆ. ಬಲಬದಿಯ ಕಿಟಕಿ. ಟ್ರಾಮ್ ಇಳಿಜಾರಿನಲ್ಲಿ ಇಳಿದು ಕಿಟಕಿಗಳಿಲ್ಲದ ದೊಡ್ಡ ದೊಡ್ಡ ಉಗ್ರಾಣಗಳ ನಡುವೆ ಸಾಗುತ್ತದೆ. ಇವೇ ಒಳಾಂಗಣ ಚಿತ್ರೀಕರಣದ ಸ್ಟೇಜ್‌ಗಳು. ಬಾಗಿಲು ಮುಚ್ಚಿದೆ, ಒಳಗೆ ಏನು ನಡೆಯುತ್ತಿದೆಯೋ ಕಾಣದು. ನಿಜವಾಗಿ ಸಿನಿಮಾ ಆಗುವ ಜಾಗವನ್ನು ನೋಡುಗ ಹೊರಗಿನ ಗೋಡೆಯಾಗಿಯಷ್ಟೇ ನೋಡುತ್ತಾನೆ. ಎಲ್ಲಾದರೂ ಬಯಲಿನಲ್ಲಿ ಚಿತ್ರೀಕರಣ ನಡೆಯುತ್ತಿದ್ದರೆ ಟ್ರಾಮ್ ಬೇರೆ ದಾರಿ ಹಿಡಿಯುತ್ತದೆ, ಇಲ್ಲವೇ ಸದ್ದಿಲ್ಲದೆ ಸರಿಯುತ್ತದೆ.

ಆಮೇಲೆ ಬರುವುದು ಬ್ಯಾಕ್‌ಲಾಟ್, ಅಂದರೆ ಸ್ಟುಡಿಯೋದ ಹಿತ್ತಿಲು. ನ್ಯೂಯಾರ್ಕಿನ ಬೀದಿ, ಯುರೋಪಿನ ಚೌಕ, ಮೆಕ್ಸಿಕೋದ ಹಳ್ಳಿ, ಕೌಬಾಯ್‌ಗಳ ಧೂಳಿನ ಪೇಟೆ ಎಲ್ಲವೂ ಕೂಗಳತೆಯ ಅಂತರದಲ್ಲಿವೆ. ಯಾವುದಕ್ಕೂ ಒಳಮನೆ ಇಲ್ಲ. ಮರದ ಚೌಕಟ್ಟು, ಪ್ಲಾಸ್ಟರ್, ಫೈಬರ್‌ಗ್ಲಾಸ್ ಸೇರಿಸಿ ನಿಲ್ಲಿಸಿದ ಮುಂಭಾಗದ ಗೋಡೆ, ಅದರ ಹಿಂದೆ ಆಸರೆಯ ಕಂಬಗಳು, ಮೇಲಿನ ಕಿಟಕಿಯಲ್ಲಿ ನಟಿ ಕಾಣಿಸಿಕೊಳ್ಳಬೇಕಾದರೆ ಹತ್ತಿ ನಿಲ್ಲಲು ಏಣಿ ಮತ್ತು ಹಲಗೆ. ಇಷ್ಟೇ ಊರು.

ಆದರೆ ಈ ಮೋಸದಲ್ಲಿ ಎಷ್ಟೊಂದು ಜಾಣತನ! ಬೀದಿಗಳು ನೇರವಾಗಿರುವುದಿಲ್ಲ, ಸ್ವಲ್ಪ ದೂರ ಹೋಗಿ ಬಾಗುತ್ತವೆ, ಇಲ್ಲವೇ ಇನ್ನೊಂದು ಕಟ್ಟಡಕ್ಕೆ ಡಿಕ್ಕಿ ಹೊಡೆದು ನಿಲ್ಲುತ್ತವೆ. ನೇರ ಬೀದಿಯಾದರೆ ಕ್ಯಾಮೆರಾದ ಕಣ್ಣಿಗೆ ತುದಿಯಲ್ಲಿ ಕ್ಯಾಲಿಫೋರ್ನಿಯಾದ ಒಣಗುಡ್ಡ ಬಿದ್ದು ನ್ಯೂಯಾರ್ಕಿನ ಮಾನ ಹೋದೀತು. ಕೌಬಾಯ್ ಪೇಟೆಯಲ್ಲಿ ಕೆಲವು ಬಾಗಿಲುಗಳು ಚಿಕ್ಕವು, ಕೆಲವು ದೊಡ್ಡವು ಎಂದು ಮಾರ್ಗದರ್ಶಕರು ತೋರಿಸುತ್ತಾರೆ. ಚಿಕ್ಕ ಬಾಗಿಲಿನಲ್ಲಿ ನಿಂತ ನಾಯಕ ಆಜಾನುಬಾಹುವಾಗಿ ಕಾಣುತ್ತಾನೆ, ದೊಡ್ಡ ಬಾಗಿಲಿನಲ್ಲಿ ನಿಂತ ನಾಯಕಿ ಸುಕೋಮಲೆಯಾಗಿ. ಗಂಡ ಇದನ್ನು ಕೇಳಿ ನಕ್ಕು, ಕುಳಿತಲ್ಲೇ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾನೆ.

ಒಂದೇ ಚೌಕ ಹತ್ತಾರು ಊರುಗಳಾಗುವುದಕ್ಕೆ ಉತ್ತಮ ನಿದರ್ಶನ ಕೋರ್ಟ್‌ಹೌಸ್ ಸ್ಕ್ವೇರ್. ಕಂಬಗಳ ಸಾಲಿನ ಆ ನ್ಯಾಯಾಲಯದ ಮುಂಭಾಗ 1962ರ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಚಿತ್ರದಲ್ಲಿ ಅಮೆರಿಕದ ದಕ್ಷಿಣ ಸಂಸ್ಥಾನಗಳ ಪುಟ್ಟ ಪಟ್ಟಣದ್ದಾಗಿತ್ತು. 1985ರ 'ಬ್ಯಾಕ್ ಟು ದಿ ಫ್ಯೂಚರ್' ಚಿತ್ರದಲ್ಲಿ ಸಿಡಿಲು ಬಡಿಯುವ ಗಡಿಯಾರ ಗೋಪುರವಾಯಿತು. ಎಲೆ ಬದಲಿಸಿ, ಫಲಕ ಬದಲಿಸಿ, ನೆಲಕ್ಕೆ ಬಿಳಿಯ ಹಿಮ ಹರಡಿದರೆ ಮತ್ತೊಂದು ಊರು. ಟ್ರಾಮಿನೊಳಗಿನ ಪುಟ್ಟ ಪರದೆಯ ಮೇಲೆ ಅದೇ ಹೊತ್ತಿಗೆ ಆ ಚಿತ್ರದ ತುಣುಕು ಮೂಡುತ್ತದೆ. ಪರದೆ ನೋಡಿ, ಕಿಟಕಿ ನೋಡಿ, ಮತ್ತೆ ಪರದೆ ನೋಡುವುದೇ ಇಲ್ಲಿನ ರುಚಿ. ಪರದೆಯಲ್ಲಿ ಊರಾಗಿರುವುದು ಕಿಟಕಿಯಲ್ಲಿ ಹಲಗೆ.

ಬೇಟ್ಸ್ ಮೋಟೆಲ್ ಮತ್ತು ಅದರ ಹಿಂದಿನ ಗುಡ್ಡದ ಮೇಲಿನ ಮನೆಗೆ ಮಾತ್ರ ಬೇರೆಯ ಘನತೆ ಇದೆ. ಆಲ್ಫ್ರೆಡ್ ಹಿಚ್‌ಕಾಕ್ 1960ರ 'ಸೈಕೋ' ಚಿತ್ರಕ್ಕೆ ಕಟ್ಟಿಸಿದ್ದಿದು. ಚಿತ್ರವನ್ನು ಬಿಡುಗಡೆ ಮಾಡಿದ್ದು ಪ್ಯಾರಮೌಂಟ್; ಚಿತ್ರೀಕರಿಸಿದ್ದು ಈ ಜಾಗದಲ್ಲಿ, ತಮ್ಮ ಟಿವಿ ಸರಣಿಯ ತಂಡವನ್ನೇ ಬಳಸಿ ಅಗ್ಗದಲ್ಲಿ. ಆಗ ಮನೆಗೆ ಕ್ಯಾಮೆರಾಕ್ಕೆ ಕಾಣುವಷ್ಟು ಗೋಡೆ ಮಾತ್ರ ಇತ್ತು. ಕೆಳಗಿನಿಂದ ನೋಡಿದಾಗ ಆಕಾಶಕ್ಕೆ ಎದುರಾಗಿ ನಿಲ್ಲುವ ಆ ಮನೆ ಹಗಲಿನ ಬಿಸಿಲಿನಲ್ಲೂ ಒಮ್ಮೆ ಎದೆ ನಡುಗಿಸುತ್ತದೆ. ನಾರ್ಮನ್ ಬೇಟ್ಸ್ ವೇಷದ ನಟನೊಬ್ಬ ಚಾಕು ಹಿಡಿದು ಟ್ರಾಮಿನತ್ತ ನಡೆದು ಬಂದಾಗ ಮಕ್ಕಳು ಕಿರುಚುತ್ತಾರೆ, ದೊಡ್ಡವರು ಫೋನು ಎತ್ತುತ್ತಾರೆ.

ಅಳತೆಯೊಳಗಿನ ಅಪಾಯ

ದಾರಿಯುದ್ದಕ್ಕೂ ಮುದ್ದಾಂ ಇಟ್ಟ ಆಪತ್ತುಗಳಿವೆ. ಕೆರೆಯ ದಂಡೆಯಲ್ಲಿ 'ಜಾಸ್' ಚಿತ್ರದ ಶಾರ್ಕ್ ನೀರಿನಿಂದ ಮೇಲೆದ್ದು ಬಾಯಿ ತೆರೆಯುತ್ತದೆ. ಚಿತ್ರ ಬಂದದ್ದು 1975ರಲ್ಲಿ, ಈ ಆಟ ಮರುವರ್ಷ. ನೀರಿನಡಿಯ ಹಳಿಯ ಮೇಲೆ ಓಡುವ ಯಂತ್ರವಿದು. ದಿನವಿಡೀ ಒಂದೇ ಕೆಲಸ ಮಾಡುತ್ತದೆ. ಚಿತ್ರದ ಯಂತ್ರ ಶಾರ್ಕ್ ಮಾತ್ರ ಇಷ್ಟು ವಿಧೇಯವಾಗಿರಲಿಲ್ಲ. ಸಮುದ್ರದ ಉಪ್ಪುನೀರಿನಲ್ಲಿ ಪದೇ ಪದೇ ಕೆಟ್ಟು ಕುಳಿತಿತು. ಗತ್ಯಂತರವಿಲ್ಲದೆ ನಿರ್ದೇಶಕ ಸ್ಟೀವನ್ ಸ್ಪಿಲ್‌ಬರ್ಗ್ ಶಾರ್ಕನ್ನು ಆದಷ್ಟು ಕಡಿಮೆ ತೋರಿಸಿ, ಸಂಗೀತದಿಂದಲೂ ಅಲುಗಾಡುವ ನೀರಿನಿಂದಲೂ ಭಯ ಹುಟ್ಟಿಸಿದರು. ಕಾಣದ ಶಾರ್ಕ್ ಜಗತ್ತನ್ನೇ ಹೆದರಿಸಿತು. ಇಲ್ಲಿ ಎದುರಿಗೇ ಬರುವ ಶಾರ್ಕ್ ನೋಡಿ ಎಲ್ಲರೂ ನಗುತ್ತಾರೆ.

ಭೂಕಂಪದ ಸ್ಟೇಜ್ ಹಾಗಲ್ಲ. ಟ್ರಾಮ್ ಒಂದು ಸುರಂಗ ರೈಲು ನಿಲ್ದಾಣದೊಳಗೆ ನಿಲ್ಲುತ್ತದೆ. ದೀಪ ಆರುತ್ತದೆ. ಕೆಳಗಿನ ನೆಲ ಹೈಡ್ರಾಲಿಕ್ ಬಲದಿಂದ ಕುಲುಕಾಡುತ್ತದೆ, ಚಾವಣಿ ಕುಸಿದು ಮೇಲಿನ ರಸ್ತೆಯಿಂದ ಟ್ಯಾಂಕರ್ ಜಾರಿ ಬಂದು ಹೊತ್ತಿಕೊಳ್ಳುತ್ತದೆ, ಹಳಿ ತಪ್ಪಿದ ರೈಲು ನುಗ್ಗುತ್ತದೆ, ಮೆಟ್ಟಿಲುಗಳ ಮೇಲಿಂದ ನೀರು ಧುಮ್ಮಿಕ್ಕುತ್ತದೆ. ಎಲ್ಲ ಮುಗಿದ ಮೇಲೆ ನೀರು ಹಿಂದಕ್ಕೆ ಹೋಗಿ, ಟ್ಯಾಂಕರ್ ಮೇಲಕ್ಕೇರಿ, ಕುಸಿದ ಚಾವಣಿ ಕೂಡಿಕೊಂಡು ಮುಂದಿನ ಟ್ರಾಮಿಗೆ ಸಿದ್ಧವಾಗುವುದನ್ನು ನೋಡುವುದೇ ನಿಜವಾದ ಸೋಜಿಗ.

ಇಲ್ಲಿ ತೋರಿಸುವುದು ರಿಕ್ಟರ್ ಮಾಪಕದಲ್ಲಿ 8.3ರ ಕಂಪನ ಎನ್ನಲಾಗುತ್ತದೆ. ಇದೇ ಕಣಿವೆಯಲ್ಲಿ 1994ರ ಜನವರಿ 17ರ ಬೆಳಗಿನ ಜಾವ ನಾರ್ತ್‌ರಿಡ್ಜ್ ಭೂಕಂಪ ಸಂಭವಿಸಿತ್ತು. ಅದರ ತೀವ್ರತೆ 6.7. ಸತ್ತವರು 50ಕ್ಕೂ ಹೆಚ್ಚು. ಹೆದ್ದಾರಿಯ ಸೇತುವೆಗಳು ಮುರಿದು ಬಿದ್ದವು. ಮಾಪಕದಲ್ಲಿ ಒಂದು ಅಂಕ ಏರಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. ಆ ಲೆಕ್ಕದಲ್ಲಿ 8.3 ಎಂದರೆ ನಾರ್ತ್‌ರಿಡ್ಜ್‌ಗಿಂತ ಸುಮಾರು 250 ಪಟ್ಟು. ಅಂಥದ್ದು ನಿಜವಾಗಿ ಬಂದರೆ ಟ್ರಾಮಿನಲ್ಲಿ ಕುಳಿತು ಚಿತ್ರ ತೆಗೆಯುವವರು ಯಾರೂ ಇರುವುದಿಲ್ಲ. ಸ್ಟೇಜಿನ ಹೊರಗೆ ಬಿಸಿಲಿಗೆ ಬಂದಾಗ ಹೆಂಡತಿ ಕೈಚೀಲ ಗಟ್ಟಿಯಾಗಿ ಹಿಡಿದುಕೊಂಡಿರುವುದು ಕಾಣುತ್ತದೆ.

ಮೈಸೂರಿನಿಂದ ಮೊದಲು ಬಂದಾತ

ಟ್ರಾಮಿನ ಮಾರ್ಗದರ್ಶಕರು ಸಾಮಾನ್ಯವಾಗಿ ಹೇಳದ, ಮೈಸೂರಿನವರಿಗೆ ಮಾತ್ರ ಮುಖ್ಯವಾದ ಸಂಗತಿಯೊಂದಿದೆ. ಮೈಸೂರು ಸಂಸ್ಥಾನದ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ ಸಾಬು ಈ ಸ್ಟುಡಿಯೋದ ತಾರೆಯಾಗಿದ್ದ. ಅಮೆರಿಕದ ಸಾಕ್ಷ್ಯಚಿತ್ರಕಾರ ರಾಬರ್ಟ್ ಫ್ಲಹರ್ಟಿ ಕಿಪ್ಲಿಂಗನ ಆನೆಯ ಕಥೆಗೆ ಹುಡುಗನನ್ನು ಹುಡುಕಿಕೊಂಡು ಬಂದಾಗ ಅವರ ಕಣ್ಣಿಗೆ ಬಿದ್ದವನು ಈತ. 1937ರ 'ಎಲಿಫೆಂಟ್ ಬಾಯ್' ಅವನನ್ನು ಲಂಡನ್ನಿಗೆ ಒಯ್ದಿತು. ಯುದ್ಧದ ದಿನಗಳು ಹಾಲಿವುಡ್ಡಿಗೆ ತಂದವು. 1942ರಲ್ಲಿ ಯೂನಿವರ್ಸಲ್‌ಗಾಗಿ 'ಅರೇಬಿಯನ್ ನೈಟ್ಸ್', ಮುಂದೆ 'ವೈಟ್ ಸ್ಯಾವೇಜ್', 'ಕೋಬ್ರಾ ವುಮನ್', 'ಟ್ಯಾಂಜಿಯರ್' ಚಿತ್ರಗಳಲ್ಲಿ ನಟಿಸಿದ. ನಡುವೆ ಅಮೆರಿಕದ ಪೌರತ್ವ ಪಡೆದು, ಬಾಂಬರ್ ವಿಮಾನದ ಬಂದೂಕುಗಾರನಾಗಿ ಯುದ್ಧ ಮಾಡಿ ಪದಕವನ್ನೂ ಗಳಿಸಿದ.

ಪರದೆಯ ಮೇಲೆ ಸಾಬು ಬಾಗ್ದಾದಿನ ಹುಡುಗನಾದ, ದ್ವೀಪವಾಸಿಯಾದ, ಪೂರ್ವದೇಶದ ಯಾರು ಬೇಕಾದರೂ ಆದ. ಕೋರ್ಟ್‌ಹೌಸ್ ಸ್ಕ್ವೇರಿನ ಹಾಗೆಯೇ ಫಲಕ ಬದಲಿಸಿದರೆ ಬೇರೆ ಊರು. 1963ರ ಡಿಸೆಂಬರ್ 2ರಂದು ಹೃದಯಾಘಾತದಿಂದ ತೀರಿಕೊಂಡಾಗ ವಯಸ್ಸು 39. ಟ್ರಾಮ್‌ಗಳು ಓಡಲಾರಂಭಿಸಿದ್ದು ಅದಾದ ಏಳು ತಿಂಗಳಿಗೆ. ಹಾಲಿವುಡ್ ಹಿಲ್ಸ್‌ನ ಫಾರೆಸ್ಟ್ ಲಾನ್ ಸ್ಮಶಾನದಲ್ಲಿ ಅವನ ಸಮಾಧಿ ಇದೆ. ಸ್ಟುಡಿಯೋದಿಂದ ಕೆಲವೇ ಕಿಲೋಮೀಟರ್.

ಏನು ಸುಟ್ಟಿತು, ಏನನ್ನು ಮತ್ತೆ ಕಟ್ಟಿದರು

ಈಗ ಟ್ರಾಮ್ ಹಾದುಹೋಗುವ ನ್ಯೂಯಾರ್ಕ್ ಬೀದಿ ಬಹಳ ಹಳೆಯದರಂತೆ ಕಾಣುತ್ತದೆ. ಅಲ್ಲ. 2008ರ ಜೂನ್ 1ರಂದು ನಸುಕಿನಲ್ಲಿ ಇಲ್ಲಿ ಬೆಂಕಿ ಬಿತ್ತು. ಸೆಟ್ಟಿನ ಮಾಡಿನ ಮೇಲೆ ಕೆಲಸಗಾರರು ಬ್ಲೋ ಟಾರ್ಚ್ ಹಿಡಿದು ಡಾಂಬರು ಹೊದಿಕೆಯನ್ನು ಕಾಯಿಸಿ ಕೂರಿಸಿದ್ದರು. ಕೆಲಸ ಮುಗಿದ ಮೇಲೆ ನಿಯಮದಂತೆ ಒಂದು ಗಂಟೆ ಕಾದು ನೋಡಿ ವಿರಾಮಕ್ಕೆ ಹೋದರು. ಬಿಸಿ ಒಳಗೊಳಗೇ ಉಳಿದಿತ್ತು. ಒಣಮರದ ಚೌಕಟ್ಟಿನ ಊರು. ಹೊತ್ತಿಕೊಳ್ಳಲು ಎಷ್ಟು ಹೊತ್ತು? ನೀರಿನ ಒತ್ತಡವೂ ಸಾಲದಾಗಿ ಅಗ್ನಿಶಾಮಕ ಸಿಬ್ಬಂದಿ ಪರದಾಡಿದರು.

ಸಿನಿಮಾ ಸೆಟ್ಟಿನ ಬೆಂಕಿ ಎಂದರೇನೆಂಬುದು ಮೈಸೂರಿನವರಿಗೆ ಗೊತ್ತು. 1989ರ ಫೆಬ್ರವರಿ 8ರಂದು ಪ್ರೀಮಿಯರ್ ಸ್ಟುಡಿಯೋದಲ್ಲಿ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಧಾರಾವಾಹಿಯ ಸೆಟ್ ಹೊತ್ತಿ ಉರಿದು 60ಕ್ಕೂ ಹೆಚ್ಚು ಮಂದಿ ಸತ್ತರು. ಹಾಲಿವುಡ್ಡಿನಲ್ಲಿ ಅಂಥ ದುರಂತ ಆಗಲಿಲ್ಲ. ಅಲ್ಲಿ ಜೀವ ಹೋಗಲಿಲ್ಲ, ಹೋದದ್ದು ಬೇರೆ.

ಅಂದು ಸಂಜೆಯ ಹೊತ್ತಿಗೆ ಜಗತ್ತಿಗೆಲ್ಲ ಗೊತ್ತಾದ ಸುದ್ದಿ ಕಿಂಗ್ ಕಾಂಗ್‌ನದು. 1986ರಿಂದ ಟ್ರಾಮ್ ಪ್ರಯಾಣದ ದೊಡ್ಡ ಆಕರ್ಷಣೆಯಾಗಿದ್ದ ಸುಮಾರು 30 ಅಡಿ ಎತ್ತರದ ಯಂತ್ರವಾನರ ಅದು. ಹತ್ತಿರ ಹೋದವರಿಗೆ ಅದರ ಬಾಯಿಂದ ಬಾಳೆಹಣ್ಣಿನ ವಾಸನೆ ಬರುವಂತೆಯೂ ಏರ್ಪಾಡು ಮಾಡಿದ್ದರು. ಅದು ಬೂದಿಯಾಯಿತು. ಬೀದಿಗಳೂ ಹೋದವು. ಅದರೊಂದಿಗೆ ವೀಡಿಯೋ ಉಗ್ರಾಣವೊಂದು ಸುಟ್ಟಿತು. ಅದರಲ್ಲಿದ್ದವುಗಳ ಪ್ರತಿಗಳು ಬೇರೆಡೆ ಇವೆ, ಚಿಂತೆಯಿಲ್ಲ ಎಂಬ ಹೇಳಿಕೆಯೂ ಬಂತು. ಅಲ್ಲಿಗೆ ಸುದ್ದಿ ಮುಗಿಯಿತು.

ಮುಗಿದಿರಲಿಲ್ಲ ಎಂದು ತಿಳಿದದ್ದು 11 ವರ್ಷದ ನಂತರ. ಆ ಉಗ್ರಾಣದಲ್ಲಿ ಜಾಗ ಬಾಡಿಗೆಗೆ ಪಡೆದು ಯೂನಿವರ್ಸಲ್ ಮ್ಯೂಸಿಕ್ ಗ್ರೂಪ್ ಎಂಬ ಪ್ರತ್ಯೇಕ ಕಂಪನಿ ತನ್ನ ಮೂಲ ಧ್ವನಿಮುದ್ರಣಗಳನ್ನು ಇಟ್ಟಿತ್ತು. ಮೂಲ ಟೇಪು ಎಂದರೆ ಹಾಡುಗಾರ ಹಾಡಿದ ಕ್ಷಣದಲ್ಲಿ ಮುದ್ರಿತವಾದ ಮೊದಲ ಟೇಪು. ಆಮೇಲೆ ಬರುವ ರೆಕಾರ್ಡು, ಕ್ಯಾಸೆಟ್ಟು, ಸಿಡಿ ಎಲ್ಲವೂ ಅದರ ನಕಲು, ನಕಲಿನ ನಕಲು. ಸುಮಾರು 5 ಲಕ್ಷ ಹಾಡುಗಳ ಮೂಲ ನಾಶವಾಗಿದೆ ಎಂದು ಕಂಪನಿಯ ಒಳಗಿನ ದಾಖಲೆಯೇ ಅಂದಾಜಿಸಿತ್ತೆಂದು 2019ರ ಜೂನ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು. ಇದು ಅತಿರೇಕದ ಲೆಕ್ಕ ಎಂದು ಕಂಪನಿ ವಾದಿಸಿತು. ನಷ್ಟಕ್ಕೊಳಗಾದ ಕಲಾವಿದರ ಸಂಖ್ಯೆ ಬಹಳ ಕಡಿಮೆ ಎಂದು ನ್ಯಾಯಾಲಯದಲ್ಲೂ ಹೇಳಿತು. ಸಂಖ್ಯೆಯ ಜಗಳ ಏನೇ ಇರಲಿ, ಮೂಲಗಳು ಹೋದವೆಂಬುದನ್ನು ಹಾಡಿದವರೂ ಕೇಳಿದವರೂ ಅರಿಯಲು ಇಷ್ಟು ವರ್ಷ ಬೇಕಾಯಿತು. ಬಾಳೆಹಣ್ಣಿನ ವಾಸನೆಯ ವಾನರ ಸತ್ತದ್ದು ಅಂದೇ ಗೊತ್ತಾಗಿತ್ತು.

ಮುಂಭಾಗದ ಗೋಡೆಗಳನ್ನು ನಕ್ಷೆ ನೋಡಿ ಮತ್ತೆ ಕಟ್ಟಬಹುದು. ಕಟ್ಟಿದರು. ಕಿಂಗ್ ಕಾಂಗ್ 2010ರ ಜುಲೈನಲ್ಲಿ ಹಿಂದಿರುಗಿದ; ಆದರೆ ಯಂತ್ರವಾಗಿ ಅಲ್ಲ. ಈಗ ಟ್ರಾಮ್ ಕತ್ತಲ ಸುರಂಗವೊಂದನ್ನು ಹೊಕ್ಕು ನಿಲ್ಲುತ್ತದೆ. ಎರಡೂ ಬದಿಗೆ ಬಾಗಿದ ದೈತ್ಯ ಪರದೆಗಳು, ಕಣ್ಣಿಗೆ ಮೂರು ಆಯಾಮದ ಕನ್ನಡಕ, ಕೆಳಗೆ ಅಲುಗಾಡುವ ವೇದಿಕೆ, ಮುಖಕ್ಕೆ ಗಾಳಿ ಮತ್ತು ನೀರಿನ ತುಂತುರು. 'ಕಿಂಗ್ ಕಾಂಗ್' ಚಿತ್ರವನ್ನು 2005ರಲ್ಲಿ ಮತ್ತೆ ತೆರೆಗೆ ತಂದ ಪೀಟರ್ ಜಾಕ್ಸನ್ ಅವರೇ ಇದನ್ನು ರೂಪಿಸಿದ್ದು. ಕೆಲವೇ ಅಡಿ ಅಲುಗಿದ ಟ್ರಾಮ್ ಪ್ರಪಾತಕ್ಕೆ ಬಿದ್ದಂತೆ ಭಾಸವಾಗುತ್ತದೆ. ಪರದೆಯ ಹಿಂದಿನ ಕರಾಮತ್ತು ತೋರಿಸುತ್ತೇವೆಂದು ಕರೆದೊಯ್ದ ಪ್ರಯಾಣ ಹೀಗೆ ಪರದೆಯ ಮುಂದೆಯೇ ತಂದು ಕೂರಿಸುತ್ತದೆ.

ನೋಡಿದ ಚಿತ್ರೀಕರಣ, ಇಲ್ಲದ ಚಿತ್ರ

ಇನ್ನೂ ಹಿಂದಕ್ಕೆ ಹೋದರೆ ನಷ್ಟ ಇನ್ನೂ ದೊಡ್ಡದು. 1915ರಲ್ಲಿ 25 ಸೆಂಟ್ ಕೊಟ್ಟು ಜನ ನೋಡಿದ ಚಿತ್ರೀಕರಣಗಳ ಚಿತ್ರಗಳು ಎಲ್ಲಿವೆ? ಬಹುಪಾಲು ಎಲ್ಲಿಯೂ ಇಲ್ಲ. ಆ ಕಾಲದ ಫಿಲ್ಮು ನೈಟ್ರೇಟ್ ಬೆರೆತದ್ದು. ಒಮ್ಮೆ ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಆರದು. ಇಟ್ಟಲ್ಲೇ ಕರಗಿ ಪುಡಿಯಾಗುವುದೂ ಉಂಟು. ಕಾಪಾಡಲು ಖರ್ಚು ಹೆಚ್ಚು, ಮಾತು ಬಂದ ಮೇಲೆ ಮೂಕಿಗೆ ಗಿರಾಕಿ ಇಲ್ಲ. 1948ರಲ್ಲಿ ಯೂನಿವರ್ಸಲ್ ತನ್ನಲ್ಲಿ ಉಳಿದಿದ್ದ ಮೂಕಿ ಚಿತ್ರಗಳನ್ನು ತಾನೇ ನಾಶಮಾಡಿತು. ಫಿಲ್ಮಿನಲ್ಲಿದ್ದ ಬೆಳ್ಳಿಯಷ್ಟಾದರೂ ಗಿಟ್ಟಲಿ ಎಂದು. ಇದೇ ಕಂಪನಿಯ ಹೆಸರಾಂತ ನಿರ್ದೇಶಕಿಯಾಗಿದ್ದ ಲೋಯಿಸ್ ವೆಬರ್ ಅವರ ಹಲವು ಚಿತ್ರಗಳು ಇಂದು ಹೆಸರಾಗಿ ಮಾತ್ರ ಉಳಿದಿವೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆ ದೇಶದಲ್ಲಿ ತಯಾರಾದ 10,919 ಮೂಕಿ ಕಥಾಚಿತ್ರಗಳಲ್ಲಿ ಮೂಲ ರೂಪದಲ್ಲಿ ಪೂರ್ಣವಾಗಿ ಉಳಿದಿರುವುದು ಶೇ. 14 ಮಾತ್ರ.

ಈ ವಿಷಯದಲ್ಲಿ ಅವರನ್ನು ಆಡಿಕೊಳ್ಳುವ ಅರ್ಹತೆ ನಮಗಿಲ್ಲ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ'ದ ಒಂದು ಪ್ರತಿಯೂ ಉಳಿದಿಲ್ಲ.

ಉದ್ಯಾನವನ್ನು ವಿಸ್ತರಿಸಲು 2014ರಲ್ಲಿ ಸ್ಟೇಜ್ 28 ಎಂಬ ಕಟ್ಟಡವನ್ನು ಕೆಡವಿದರು. 1925ರ 'ದಿ ಫ್ಯಾಂಟಮ್ ಆಫ್ ದಿ ಆಪೆರಾ' ಮೂಕಿ ಚಿತ್ರಕ್ಕಾಗಿ ಕಟ್ಟಿದ ನಾಟಕಶಾಲೆಯ ಸೆಟ್ಟು ಸುಮಾರು 90 ವರ್ಷ ಅದರೊಳಗೆ ನಿಂತಿತ್ತು. ಸೆಟ್ಟನ್ನು ಬಿಚ್ಚಿ ಜೋಪಾನವಾಗಿ ಎತ್ತಿಟ್ಟರೆಂಬುದು ಸಮಾಧಾನ.

ಸಂಜೆಯ ಆಟ

ಟ್ರಾಮ್ ಇಳಿದಾಗ ಮೂರೂವರೆ ದಾಟಿದೆ. ಚಹಾ ಎಂದು ಕೊಟ್ಟದ್ದನ್ನು ಕುಡಿದು, ಡಬ್ಬಿಯ ಅವಲಕ್ಕಿ ಮುಗಿಸಿ, ದಂಪತಿ 'ವಾಟರ್‌ವರ್ಲ್ಡ್' ಪ್ರದರ್ಶನಕ್ಕೆ ಹೋಗುತ್ತಾರೆ. ನೀರು ತುಂಬಿದ ರಂಗದಲ್ಲಿ ಸುಮಾರು ಇಪ್ಪತ್ತು ನಿಮಿಷ ಹೊಡೆದಾಟ, ಬೆಂಕಿ, ಎತ್ತರದಿಂದ ಜಿಗಿತ. ಕೊನೆಗೆ ಗೋಡೆಯಾಚೆಯಿಂದ ವಿಮಾನವೊಂದು ಹಾರಿ ಬಂದು ನೀರಿಗೆ ಬೀಳುತ್ತದೆ. 1995ರ ಆ ಚಿತ್ರ ಅಂದಿನ ಮಟ್ಟಿಗೆ ಅತಿ ದುಬಾರಿಯದು, ಸುಮಾರು 17.5 ಕೋಟಿ ಡಾಲರ್. ನಿರೀಕ್ಷೆಯಷ್ಟು ಗಳಿಸದೆ ನಗೆಪಾಟಲಾಯಿತು. ಅದೇ ವರ್ಷ ಆರಂಭವಾದ ಪ್ರದರ್ಶನ ಮಾತ್ರ ಮೂರು ದಶಕಗಳಿಂದ ತುಂಬಿದ ಸಭೆಗೆ ನಡೆಯುತ್ತಿದೆ. ಸಾಹಸ ಕಲಾವಿದರು ಇಲ್ಲಿ ನಿಜಕ್ಕೂ ಬೀಳುತ್ತಾರೆ, ನಿಜಕ್ಕೂ ಒದ್ದೆಯಾಗುತ್ತಾರೆ. ಇಡೀ ದಿನ ನೋಡಿದ್ದರಲ್ಲಿ ಮನುಷ್ಯರು ಕಣ್ಣೆದುರು ದುಡಿದದ್ದು ಇದೊಂದರಲ್ಲೇ ಹೆಚ್ಚು ಎಂದು ಗಂಡನಿಗೆ ಅನಿಸಿದರೆ ತಪ್ಪಿಲ್ಲ.

ಉಳಿದ ಹೊತ್ತಿನಲ್ಲಿ ಹ್ಯಾರಿ ಪಾಟರ್‌ನ ಕೋಟೆಯ ಕೆಳಗಿನ ಬೀದಿ. 2016ರ ಏಪ್ರಿಲ್‌ನಲ್ಲಿ ತೆರೆದ ಭಾಗವಿದು. ತಮಾಷೆಯೆಂದರೆ ಆ ಚಿತ್ರಗಳು ಯೂನಿವರ್ಸಲ್‌ನವೇ ಅಲ್ಲ, ವಾರ್ನರ್ ಬ್ರದರ್ಸ್‌ನವು. ಸ್ಟುಡಿಯೋ ಚಿತ್ರೀಕರಣ ನಡೆದದ್ದು ಲಂಡನ್ ಬಳಿಯ ಲೀವ್ಸ್‌ಡನ್‌ನಲ್ಲಿ. ಬೆಟ್ಟದ ಬುಡದಲ್ಲಿ 2023ರ ಫೆಬ್ರವರಿಯಲ್ಲಿ ತೆರೆದ ನಿಂಟೆಂಡೋ ಲೋಕ ವೀಡಿಯೋ ಗೇಮಿನದು. ಹಕ್ಕಿನ ಹಣ ತೆತ್ತು ತಂದ ಇಂಥ ಲೋಕಗಳ ನಡುವೆ, ಇಲ್ಲಿಯೇ ಹುಟ್ಟಿದ ಸಿನಿಮಾಕ್ಕೆ ಸೇರಿದ ಹಿತ್ತಿಲು ಟ್ರಾಮಿನ ದಾರಿಯಲ್ಲಿ ಉಳಿದುಕೊಂಡಿದೆ. ಕೋಟೆಯ ಕಲ್ಲುಗಳನ್ನು ಹೆಂಡತಿ ಬೆರಳಿನಿಂದ ತಟ್ಟಿ ನೋಡುತ್ತಾಳೆ. ಟೊಳ್ಳು ಸದ್ದು. ಆದರೆ ಒಳಗೆ ಹೋಗಬಹುದಾದ ಅಂಗಡಿಗಳಿವೆ, ಮಾರುವ ಮಂತ್ರದಂಡಗಳಿವೆ. ಬಾಗಿಲಿನ ಹಿಂದೆ ಏನಾದರೂ ಇರುವ ಕಟ್ಟಡಗಳು ಇವು.

ಆರು ಗಂಟೆಗೆ ಬಸ್ಸು ಇಳಿಜಾರಿನಲ್ಲಿ ಇಳಿಯುತ್ತದೆ. ಮೆಟ್ರೋದಲ್ಲಿ ಕುಳಿತ ಮೇಲೆ ಇಬ್ಬರೂ ಫೋನಿನ ಚಿತ್ರಗಳನ್ನು ಒಂದೊಂದಾಗಿ ಸರಿಸುತ್ತಾರೆ. ಸೈಕೋ ಮನೆ, ಶಾರ್ಕ್‌ನ ಬಾಯಿ, ಗಡಿಯಾರ ಗೋಪುರ. ನಡುವೆ ಟ್ರಾಮ್ ತಿರುಗುವಾಗ ಕೈ ಅಲುಗಿ ತಪ್ಪಾಗಿ ಬಂದ ಚಿತ್ರವೊಂದಿದೆ: ನ್ಯೂಯಾರ್ಕ್ ಬೀದಿಯ ಬೆನ್ನು. ಅಡ್ಡ ಉದ್ದ ಹೊಡೆದ ಹಲಗೆಗಳು, ಮೇಲಕ್ಕೆ ಏರಿದ ಏಣಿ, ಏಣಿಯ ಬುಡದಲ್ಲಿ ಯಾರೋ ಕೆಲಸಗಾರ ಬಿಟ್ಟುಹೋದ ಬಣ್ಣದ ಡಬ್ಬ. ಅಳಿಸಲು ಹೋದ ಗಂಡನ ಕೈ ತಡೆದು ಹೆಂಡತಿ ಅದನ್ನೇ ಮಗನಿಗೆ ಕಳುಹಿಸುತ್ತಾಳೆ.